ಹನ್ನೊಂದು–ಹನ್ನೆರಡರ ನಡುಗೋಡೆ

ಮಳವಳ್ಳಿ
16 ಜನವರಿ 2025

ಜಯಪ್ರಕಾಶ,

ಇದರ ಜೊತೆ ಎಳ್ಳು ಬೆಲ್ಲ ಕಳಿಸಿದ್ದೀನಿ. ಅಂಚೆಯಲ್ಲಿ ಪುಡಿಯಾಗಿದ್ದರೆ ಪುಡಿಯನ್ನೇ ತಿಂದು ಒಳ್ಳೆ ಮಾತಾಡು. ಬೀದರಿನ ನಿನ್ನ ಸೇತುವೆ ಇನ್ನೂ ಹೊಳೆ ನಡುವೆಯೇ ನಿಂತಿದೆಯೋ, ಆಚೆ ದಡ ಮುಟ್ಟಿತೋ?

ಈ ಸುದ್ದಿಯನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಮ್ಮ ‘ಹೊಸ್ತಿಲು’ ಟ್ರಸ್ಟಿನ ವಿಷಯ ಏನಿದ್ದರೂ ಕಾಗದದಲ್ಲಿ ಅಂತ ನಾವಿಬ್ಬರೇ ಮಾಡಿಕೊಂಡ ನಿಯಮ. ಹಿಂದೆ ಸೋಮನಹಳ್ಳಿ ಸೈಟಿನ ವಿಚಾರಕ್ಕೆ ಫೋನಿನಲ್ಲಿ ಕಿರುಚಾಡಿ ಎಂಟು ತಿಂಗಳು ಮಾತು ಬಿಟ್ಟಿದ್ದೆವಲ್ಲ. ಕಾಗದದಲ್ಲಿ ಬೈದರೆ ಫೈಲಿನಲ್ಲಾದರೂ ಉಳಿಯುತ್ತದೆ.

ಹುಣಸೆಕೊಪ್ಪಲಿನ ಇಪ್ಪತ್ತನಾಲ್ಕು ಮನೆಗೂ ಮೋಲ್ಡ್ ಹಾಕಿ, ಬಾಗಿಲು ಕೂರಿಸಿ ಆಯಿತು. ಸಂಕ್ರಾಂತಿಯ ಹಿಂದಿನ ದಿನ ಚೀಟಿ ಎತ್ತಿದೆವು. ಈ ಪದ್ಧತಿ ನಿನ್ನದೇ. ಪ್ರತಿ ಕುಟುಂಬದಿಂದ ಒಬ್ಬರು ಅರವತ್ತು ದಿನ ಕೆಲಸ ಮಾಡಬೇಕು, ಕೊನೆಯವರೆಗೂ ಯಾವ ಮನೆ ಯಾರಿಗೆ ಅಂತ ಗೊತ್ತಾಗಬಾರದು. ಗೊತ್ತಾದರೆ ಅವರವರ ಗೋಡೆಗೆ ಮಾತ್ರ ಚೆನ್ನಾಗಿ ನೀರು ಹಾಕುತ್ತಾರೆ ಅಂದಿದ್ದೆ. ನೀನು ಹೇಳಿದ ಹಾಗೇ ಆಯಿತು, ಎಲ್ಲ ಗೋಡೆಗೂ ಎಲ್ಲರೂ ನೀರು ಹಾಕಿದರು.

ರಾಗಿ ಅಳೆಯುವ ಸೇರಿಗೆ ಚೀಟಿ ಹಾಕಿ ಮೇಸ್ತ್ರಿ ಮರಿಸಿದ್ದಯ್ಯನ ಕೈಗೆ ಕೊಟ್ಟು ಒಬ್ಬೊಬ್ಬರನ್ನೇ ಕರೆದೆ. ಕಾಲೋನಿಯವರು ಹದಿನಾಲ್ಕು ಮನೆ, ಊರೊಳಗಿನವರು ಹತ್ತು. ಇಂದ್ರಮ್ಮನಿಗೆ ಹನ್ನೊಂದನೇ ನಂಬರು ಬಂತು. ನಾಲೆ ಏರಿಯ ಮೇಲೆ ಟಾರ್ಪಾಲ್ ಕಟ್ಟಿಕೊಂಡು ಮಗಳು ಶೋಭಿತಾಳ ಜೊತೆ ಒಂಬತ್ತು ವರ್ಷ ಕಳೆದವಳು. ಚೀಟಿ ಓದಿ, ತಿರುಗಿಸಿ ಹಿಂಭಾಗವನ್ನೂ ನೋಡಿದಳು. “ಇಂದ್ಗಡೆ ಇನ್ನೇನಾರ ಬರ್ದಿದ್ದೀರೇನೋ ಅಂತ ನೋಡ್ದೆ ಕಣಕ್ಕ” ಅಂದಳು. ಎಲ್ಲರೂ ನಕ್ಕರು. ಅವಳ ಮಗ್ಗುಲಿನ ಹನ್ನೆರಡು, ಒಂದೇ ನಡುಗೋಡೆಯ ಆಚೆಯದು, ನಿಮ್ಮ ದೊಡ್ಡಪ್ಪನ ಸೊಸೆ ಹೊಂಬಾಳಮ್ಮನಿಗೆ ಬಂತು. ಗಂಡ ಹೋದ ಮೇಲೆ ಮೈದುನರ ಕೊಟ್ಟಿಗೆ ಪಕ್ಕ ಮಲಗುತ್ತಿದ್ದ ಹೆಂಗಸಿಗೆ ಕೊನೆಗೂ ಒಂದು ಬಾಗಿಲು ಆಯಿತು.

ಜಮೀನು ಕೊಟ್ಟ ನಿಮ್ಮಣ್ಣ ಶಿವಣ್ಣನವರೂ ಬಂದಿದ್ದರು. ಹೊಂಬಾಳಮ್ಮನ ಚೀಟಿ ಓದುವಾಗ ಎದ್ದು ಹೋದರು. ಬಿಸಿಲು ತಡೆಯಲಿಲ್ಲವೇನೋ.

ಇಪ್ಪತ್ತನಾಲ್ಕು ಹಕ್ಕುಪತ್ರಕ್ಕೂ ಅಧ್ಯಕ್ಷೆಯ ಸಹಿ ನಾನು ಹಾಕಿ ಇದರ ಜೊತೆ ಇಟ್ಟಿದ್ದೀನಿ. ಕಾರ್ಯದರ್ಶಿಯ ಸಹಿ ಬೀಳದೆ ಬೀಗದ ಕೈ ಕೊಡುವ ಹಾಗಿಲ್ಲ, ಅದೂ ನಮ್ಮದೇ ನಿಯಮ. ನಾಲೆಗೆ ಕಾಂಕ್ರೀಟು ಹಾಕುವವರು ಮಾರ್ಚ್ ಕೊನೆಯೊಳಗೆ ಏರಿ ಖಾಲಿ ಮಾಡಿ ಅಂತ ಇಂದ್ರಮ್ಮನಿಗೆ ಹೇಳಿ ಹೋಗಿದ್ದಾರೆ. ಆದ್ದರಿಂದ ಬೇಗ ಸಹಿ ಮಾಡಿ ಕಳಿಸು.

ವನಜಾ


ಬೀದರ್
8 ಫೆಬ್ರವರಿ 2025

ಪ್ರಿಯ ವನಜಾ,

ತಡವಾಯಿತು, ಬೈಯಬೇಡ. ಎಳ್ಳು ಬೆಲ್ಲ ಪುಡಿಯಾಗಿತ್ತು, ಚಮಚದಲ್ಲಿ ತಿಂದೆ. ಸೇತುವೆಗೆ ಇನ್ನೂ ಎರಡು ಕಂಬ ಬಾಕಿ. ಹಗಲೆಲ್ಲ ಹೊಳೆಯಲ್ಲೇ ಕಳೆಯುತ್ತದೆ.

ಚೀಟಿಯ ಸುದ್ದಿ ಓದಿ ತುಂಬಾ ಸಂತೋಷವಾಯಿತು. ಹಕ್ಕುಪತ್ರಗಳು ನನ್ನ ಮೇಜಿನ ಮೇಲೇ ಇವೆ. ಸಹಿಗೆ ಮೊದಲು ಒಂದು ತಾಂತ್ರಿಕ ವಿಚಾರ. ನಡುಗೋಡೆ ಆರಿಂಚಿನದು. ಒಂದು ಮನೆಯ ಸದ್ದು ಇನ್ನೊಂದಕ್ಕೆ ಕೇಳುತ್ತದೆ. ಮೊದಲಿನಿಂದ ಹೊಂದಿಕೊಂಡವರೇ ಅಕ್ಕಪಕ್ಕ ಇದ್ದರೆ ಮುಂದೆ ತಕರಾರು ಕಡಿಮೆ. ಹೊಂಬಾಳಮ್ಮ ಅತ್ತಿಗೆಗೆ ಮಂಡಿ ನೋವು ಬೇರೆ, ರಸ್ತೆ ಕಡೆಯ ಸಾಲಾದರೆ ಬಸ್ಸಿಗೆ ಹತ್ತಿರ. ಊರೊಳಗಿನವರಿಗೆ ರಸ್ತೆ ಕಡೆಯ ಸಾಲು, ಕಾಲೋನಿಯವರಿಗೆ ಗದ್ದೆ ಕಡೆಯ ಹನ್ನೆರಡು ಮನೆ, ಹೀಗೆ ಚೀಟಿಯನ್ನು ಸ್ವಲ್ಪ ಹೊಂದಿಸಬಹುದಾ ನೋಡು.

ಕಾಲೋನಿಯವರಲ್ಲಿ ಇಬ್ಬರು ಮಿಗುತ್ತಾರೆ, ಗೊತ್ತು. ಪಟ್ಟಿಗೆ ಕೊನೆಯಲ್ಲಿ ಸೇರಿದವರು ಇಂದ್ರಮ್ಮ ಮತ್ತು ಚಿಕ್ಕಬೋರಯ್ಯ ತಾನೆ? ರಸ್ತೆ ಸಾಲಿನಲ್ಲಿ ಮಿಕ್ಕುವ ಎರಡು ಮನೆ ಸದ್ಯ ಖಾಲಿ ಇರಲಿ, ಮುಂದಿನ ಹಂತದಲ್ಲಿ ಸೋಮನಹಳ್ಳಿಯ ಮೊದಲ ಎರಡು ಮನೆ ಇವರಿಗೇ ಇರಲಿ. ಇಂದ್ರಮ್ಮ ಕೆಲಸ ಮಾಡುವ ಗಾರ್ಮೆಂಟ್ಸ್ ಕೂಡ ಅಲ್ಲೇ ಇದೆ. ಅವಳಿಗೂ ಅನುಕೂಲ.

ಯೋಚನೆ ಮಾಡಿ ಬರೆ. ಬಿಸಿಲಲ್ಲಿ ಜಾಸ್ತಿ ಓಡಾಡಬೇಡ.

ನಿನ್ನ
ಜಯಪ್ರಕಾಶ್


ಮಳವಳ್ಳಿ
14 ಫೆಬ್ರವರಿ 2025

ಜಯಪ್ರಕಾಶ,

ನಿನ್ನ ತಾಂತ್ರಿಕ ವಿಚಾರವನ್ನು ಮರಿಸಿದ್ದಯ್ಯನಿಗೆ ಓದಿ ಹೇಳಿದೆ. “ಮನೆ ಅಂದ್ಮೇಲೆ ಸದ್ದು ಕೇಳ್ದೆ ಇನ್ನೇನ್ ಕೇಳ್ತದವ್ವ, ಅದೇನು ಗುಡಿನಾ?” ಅಂದ. ಇನ್ನು ಹೊಂಬಾಳಮ್ಮನ ಮಂಡಿ. ಹನ್ನೆರಡನೇ ನಂಬರು ಇರುವುದೇ ರಸ್ತೆ ಕಡೆಯ ಸಾಲಿನಲ್ಲಿ ಕಣಯ್ಯಾ. ಪ್ಲಾನು ಬರೆದವನು ನೀನು. ಬರೆದ ಪ್ಲಾನೇ ಮರೆತುಹೋಗುವಷ್ಟು ಗಾಬರಿಯಲ್ಲಿ ಯಾರ ಮಾತು ಕೇಳಿಕೊಂಡು ಈ ಕಾಗದ ಬರೆದೆ?

ನಾನೇ ಹೇಳುತ್ತೀನಿ. ನಿನ್ನ ಕಾಗದ ಬಂದ ಮಾರನೇ ದಿನ ಆಫೀಸಿಗೆ ಒಂದು ಅರ್ಜಿ ಬಂತು. ‘ನಮ್ಮ ಆಚಾರ ವಿಚಾರಗಳಿಗೆ ತೊಂದರೆಯಾಗುವುದರಿಂದ ಪ್ರತ್ಯೇಕ ಸಾಲು ಮಾಡಿಕೊಡಬೇಕು.’ ಊರೊಳಗಿನ ಹತ್ತು ಮನೆಯವರ ಸಹಿಯೂ ಇದೆ. ಮೂರನೇ ಸಹಿ ಹೊಂಬಾಳಮ್ಮನದು. ತಂದುಕೊಟ್ಟವರು ನಿಮ್ಮಣ್ಣ. ಕೂರಿ ಅಂದರೂ ಕೂರದೆ ನಿಂತೇ ಮಾತಾಡಿದರು.

“ನೋಡಮ್ಮ, ನೀನು ಓದ್ದೋಳು, ನಿಂಗೆ ಯೋಳ್ಬೇಕಾಗಿಲ್ಲ. ಗಾರೆ ಕೆಲ್ಸ ಮಾಡೋದು ಬ್ಯಾರೆ, ಮಗ್ಗುಲಲ್ಲಿ ಬಾಳೋದು ಬ್ಯಾರೆ. ನಾಳಿಕೆ ಅಬ್ಬ ಬತ್ತದೆ, ಸಾವು ನೋವು ಬತ್ತದೆ. ಒಂದೇ ಗೋಡೆ ಅಂದ್ರೆ ಎಂಗಮ್ಮ?”

ಹೆಂಗೆ ಅಂದರೆ ಹಿಂಗೆ. ಆ ಗೋಡೆ ಕಟ್ಟುವಾಗ ಕೆಳಗೆ ನಿಂತು ಗಾರೆ ತುಂಬಿದವಳು ಹೊಂಬಾಳಮ್ಮ, ಬಾಣಲಿ ಈಸಿಕೊಂಡು ಮೇಲಕ್ಕೆ ಕೊಟ್ಟವಳು ಇಂದ್ರಮ್ಮ. ಅರವತ್ತು ದಿನ ಕೈಯಿಂದ ಕೈಗೆ ಹೋಯಿತು. ಗಾರೆ ಬಾಣಲಿಗೆ ಇಲ್ಲದ ಜಾತಿ ಗೋಡೆ ಒಣಗಿದ ಮೇಲೆ ಎಲ್ಲಿಂದ ಬಂತು? ಶಿವಣ್ಣನವರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ, ಅವರು ಇರುವುದೇ ಹಾಗೆ. ಹೊಂಬಾಳಮ್ಮನ ಮೇಲೆ ಬಂದಿದೆ. ಕೊಟ್ಟಿಗೆ ಪಕ್ಕ ಮಲಗುವಾಗ ಎಮ್ಮೆಯ ಮಗ್ಗುಲು ನಡೆಯುತ್ತಿತ್ತು, ಈಗ ಇಂದ್ರಮ್ಮನ ಮಗ್ಗುಲು ಆಗದಂತೆ. ದಾರಿಯಲ್ಲಿ ಸಿಕ್ಕಿದಳು, ಮಾತಾಡಿಸಲು ಬಂದಳು. ನಾನು ಮುಖ ತಿರುಗಿಸಿಕೊಂಡು ಬಂದೆ.

ಚೀಟಿ ಚೀಟಿಯೇ. ಒಂದೂ ಬದಲಾಗುವುದಿಲ್ಲ. ನೀನು ಅಣ್ಣನಿಗೆ ಒಂದು ಮಾತು ಬುದ್ಧಿ ಹೇಳಿ, ಸಹಿ ಹಾಕಿ ಕಳಿಸು.

ವನಜಾ


ಬೀದರ್
10 ಮಾರ್ಚ್ 2025

ಪ್ರಿಯ ವನಜಾ,

ನಿನ್ನ ಕಾಗದವನ್ನು ಹಲವು ಸಲ ಓದಿದೆ. ಎರಡು ಸಲ ಉತ್ತರ ಬರೆದು ಹರಿದೆ.

ನಾನು ಜಾತಿ ನೋಡುವವನಲ್ಲ. ಪಿಯುಸಿಯಲ್ಲಿ ಒಂದೇ ಬೆಂಚಿನಲ್ಲಿ ಕೂತ ದಿನದಿಂದ ನಿನಗೆ ಅದು ಗೊತ್ತು. ಆದರೆ ಊರು ನಾವು ಬಯಸಿದ ಹಾಗೆ ಇರುವುದಿಲ್ಲ. ಮನೆ ಕೊಟ್ಟು ನಾವು ಮಳವಳ್ಳಿಗೆ, ಬೀದರಿಗೆ ಹೊರಟುಬಿಡುತ್ತೀವಿ. ಅಲ್ಲೇ ಬಾಳಬೇಕಾದವರು ಅವರು. ದಿನವೂ ಮುಖ ಸಿಂಡರಿಸಿಕೊಂಡು ಇರುವುದಕ್ಕಿಂತ ಮೊದಲೇ ಸ್ವಲ್ಪ ದೂರ ಇಟ್ಟರೆ ತಪ್ಪೇನು? ಹೊಂಬಾಳಮ್ಮ ಅತ್ತಿಗೆ ತಾನಾಗಿಯೇ ಬೇಡ ಅಂದ ಮೇಲೆ ನಾವು ಬಲವಂತ ಮಾಡುವುದಕ್ಕಾಗುತ್ತದಾ?

ಇನ್ನೊಂದು ಮಾತು. ಸೋಮನಹಳ್ಳಿಯಲ್ಲಿ ನಲವತ್ತು ಮನೆಗೆ ಜಾಗ ಬೇಕು. ಅಣ್ಣನಂಥವರು ಹೂಂ ಅಂದರೆ ತಾನೇ ಬೇರೆಯವರೂ ಜಮೀನು ಕೊಡುವುದು? ಒಬ್ಬ ಇಂದ್ರಮ್ಮನಿಗೋಸ್ಕರ ನಲವತ್ತು ಇಂದ್ರಮ್ಮಂದಿರನ್ನು ಬೀದಿಯಲ್ಲಿ ಬಿಡಬೇಡ. ಒಂದೇ ವರ್ಷ ತಡೆದರೆ ಸಾಕು. ಬೇಕಾದರೆ ಗೃಹಪ್ರವೇಶದ ದಿನ ಎಲ್ಲರಿಗೂ ಒಂದೇ ಪಂಕ್ತಿಯಲ್ಲಿ ಊಟ ಹಾಕಿಸೋಣ. ನಾನೂ ಬಂದು ಇಂದ್ರಮ್ಮನ ಪಕ್ಕ ಕೂರುತ್ತೀನಿ.

ಸಹಿ ಹಾಕಿಲ್ಲ. ತಪ್ಪು ತಿಳಿಯಬೇಡ.

ಜಯಪ್ರಕಾಶ್


ಮಳವಳ್ಳಿ
15 ಮಾರ್ಚ್ 2025

ಮಾನ್ಯ ಕಾರ್ಯದರ್ಶಿಗಳಿಗೆ,

ನಿನ್ನೆ ಶಿವಣ್ಣನವರ ಮನೆಗೆ ಹೋಗಿದ್ದೆ. ಜಮೀನು ಕೊಟ್ಟವರು ನೀವು, ದೊಡ್ಡ ಮನಸ್ಸು ಮಾಡಿ ಅಂತ ಕೇಳಿಕೊಳ್ಳುವುದಕ್ಕೆ. ಅವರು ಎದ್ದುಹೋಗಿ ಬೀರುವಿನಿಂದ ಒಂದು ಪ್ಲಾಸ್ಟಿಕ್ ಕವರು ತಂದರು. ಒಳಗೆ ನಮ್ಮ ಟ್ರಸ್ಟಿನ ತಲೆಬರಹದ ಹಾಳೆ. ತಾರೀಖು 6 ಜೂನ್ 2022. ‘ಊರಿನ ಕಟ್ಟುಪಾಡಿಗೆ ಅನುಸಾರವಾಗಿ ಎರಡೂ ಜನಾಂಗದವರಿಗೆ ಪ್ರತ್ಯೇಕ ಸಾಲು ಮಾಡಿಕೊಡಲಾಗುವುದು.’ ಕೆಳಗೆ ನಿಮ್ಮ ಸಹಿ. ಚೀಟಿ ಎತ್ತಿದರೂ ಆಮೇಲೆ ತಮ್ಮ ಸರಿ ಮಾಡುತ್ತಾನೆ ಅಂತ ಅವರು ಮೂರು ವರ್ಷ ಸುಮ್ಮನಿದ್ದರಂತೆ. “ನಾವು ಯೋಳ್ದಂಗೆ ನಿಮ್ಮೋನೇ ಬರ್ಕೊಟ್ಟವ್ನೆ, ನಿಂಗೇ ಗೊತ್ತಿಲ್ವಾ?” ಅಂತ ಕೇಳಿದರು.

ಮೂರು ವರ್ಷ ನೀವು ನನ್ನ ಎದುರು ಕೂತು ಪ್ಲಾನು ಬಿಡಿಸಿದಿರಿ. ಚೀಟಿ ಪದ್ಧತಿಯ ಬಗ್ಗೆ ಮೈಸೂರಿನಲ್ಲಿ ಭಾಷಣ ಮಾಡಿದಿರಿ, ಚಪ್ಪಾಳೆ ತಟ್ಟಿಸಿಕೊಂಡಿರಿ. ಆಗೆಲ್ಲ ಈ ಹಾಳೆ ನಿಮ್ಮಣ್ಣನ ಬೀರುವಿನಲ್ಲಿತ್ತು. ಸದ್ದು, ಆರಿಂಚು, ಮಂಡಿ ನೋವು ಅಂತ ಬರೆದಿರಲ್ಲ, ನಾಚಿಕೆಯಾಗಲಿಲ್ಲವೇ? ಎದುರಿಗೆ ಬೈದವರನ್ನು ನಾನು ತಡೆದುಕೊಂಡಿದ್ದೀನಿ. ಪಕ್ಕದಲ್ಲಿ ಕೂತು ಹೀಗೆ ಮಾಡಿದವರನ್ನು ಏನು ಮಾಡಬೇಕೋ ನನಗೆ ತಿಳಿಯುತ್ತಿಲ್ಲ.

ನಾನೂ ಒಂದು ವಿಷಯ ಮುಚ್ಚಿಟ್ಟಿದ್ದೆ. ಅದನ್ನೂ ಬರೆದುಬಿಡುತ್ತೀನಿ. ದಾನಪತ್ರದ ಮಾತಾಡಲು ನಾವಿಬ್ಬರೂ ಶಿವಣ್ಣನವರ ಮನೆ ಜಗಲಿಯ ಮೇಲೆ ಕೂತಿದ್ದ ದಿನ ಕಾಫಿ ಬಂತು. ನಿಮಗೆ ಸ್ಟೀಲ್ ಲೋಟ, ನನಗೆ ಪೇಪರ್ ಲೋಟ. ನೀವು ಗಮನಿಸಲಿಲ್ಲ, ಸಕ್ಕರೆ ಜಾಸ್ತಿಯಾಯಿತು ಅಂದಿರಿ. ನಾನು ಬಾಯಿ ಬಿಡಲಿಲ್ಲ. ಇಪ್ಪತ್ತನಾಲ್ಕು ಮನೆಗೋಸ್ಕರ ಇದೊಂದನ್ನು ನುಂಗಿಕೊಳ್ಳೋಣ ಅಂದುಕೊಂಡೆ. ನಾನು ಆವತ್ತು ನುಂಗಿಕೊಂಡಿದ್ದು ಇವತ್ತು ಇಂದ್ರಮ್ಮನ ಬಾಗಿಲಿಗೆ ಬಂದು ನಿಂತಿದೆ. ಆವತ್ತೇ ಎದ್ದು ಬರಬೇಕಿತ್ತು. ಅದು ನನ್ನ ತಪ್ಪು, ಫೈಲಿನಲ್ಲಿರಲಿ.

ರಿಜಿಸ್ಟರ್ ಆದ ದಾನಪತ್ರವನ್ನು ಮತ್ತೆ ಓದಿದೆ. ಅದರಲ್ಲಿ ಇಂಥ ಷರತ್ತು ಒಂದೂ ಇಲ್ಲ. ಇರುವುದು ನಿಮ್ಮ ಆ ಹಾಳೆಯಲ್ಲಿ ಮಾತ್ರ. ಅದನ್ನು ವಾಪಸು ಪಡೆದೆ ಅಂತ ಅಣ್ಣನಿಗೆ ಬರೆಯಿರಿ. ಹಕ್ಕುಪತ್ರಗಳಿಗೆ ಸಹಿ ಹಾಕಿ ಕಳಿಸಿ. ಏರಿ ಖಾಲಿ ಮಾಡಲು ಇಂದ್ರಮ್ಮನಿಗೆ ಇನ್ನು ಉಳಿದಿರುವುದು ಹದಿನಾರು ದಿನ.

ವನಜಾ
ಅಧ್ಯಕ್ಷೆ


ಬೀದರ್
22 ಮಾರ್ಚ್ 2025

ವನಜಾ,

ನೀನು ಬರೆದದ್ದೆಲ್ಲ ನಿಜ. ಅಣ್ಣ ರಿಜಿಸ್ಟರ್ ಆಫೀಸಿನ ಮೆಟ್ಟಿಲ ಮೇಲೆ ನಿಂತು, ಬರೆದುಕೊಡದಿದ್ದರೆ ಸಹಿ ಹಾಕಲ್ಲ ಅಂದ. ನೀನು ಒಳಗೆ ಫೋಟೋಕ್ಕೆ ಕೂತಿದ್ದೆ. ಬ್ಯಾಗಿನಲ್ಲಿ ತಲೆಬರಹದ ಹಾಳೆ ಇತ್ತು, ಕಾರಿನ ಬಾನೆಟ್ ಮೇಲೆ ಇಟ್ಟು ಬರೆದೆ. ಎರಡು ನಿಮಿಷದ ಕೆಲಸ. ಮನೆ ಎದ್ದು ನಿಲ್ಲುವ ಹೊತ್ತಿಗೆ ಎಲ್ಲರೂ ಮರೆತಿರುತ್ತಾರೆ ಅಂದುಕೊಂಡೆ. ನಿನಗೆ ಹೇಳಿದ್ದರೆ ಜಮೀನೇ ಬೇಡ ಅಂತಿದ್ದೆ.

ಲೋಟದ ವಿಷಯ ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಅನ್ನುವುದೂ ಈಗ ಹೇಳಿಕೊಳ್ಳುವ ಮಾತಲ್ಲ.

ಅಣ್ಣನಿಗೆ ಕಾಗದದಲ್ಲಿ ಬರೆದರೆ ಮನಸ್ಸು ಮುರಿಯುತ್ತದೆ. ಅಪ್ಪ ಹೋದ ಮೇಲೆ ನನ್ನನ್ನು ಓದಿಸಿದವನು ಅವನು. ಮೂವತ್ತನೇ ತಾರೀಖು, ಯುಗಾದಿಗೆ ಬರುತ್ತೀನಿ. ಎದುರಿಗೆ ಕೂತು ಒಪ್ಪಿಸುತ್ತೀನಿ. ಆಮೇಲೆ ಅಲ್ಲೇ ಸಹಿ ಹಾಕುತ್ತೀನಿ. ಅಲ್ಲಿಯವರೆಗೆ ತಡೆದುಕೋ.

ಜಯಪ್ರಕಾಶ್


ಮಳವಳ್ಳಿ
3 ಏಪ್ರಿಲ್ 2025

ಜಯಪ್ರಕಾಶ್ ಅವರಿಗೆ,

ಯುಗಾದಿಗೆ ನೀವು ಬರಲಿಲ್ಲ. ಸೇತುವೆ ಕೆಲಸ ಅಂತ ಒಂದು ಸಾಲಿನ ಮೆಸೇಜು ಬಂತು. ಮೂವತ್ತೊಂದಕ್ಕೆ ಜೆಸಿಬಿ ಬಂತು. ಇಂದ್ರಮ್ಮ ಪಾತ್ರೆ, ಹಾಸಿಗೆ, ಶೋಭಿತಾಳ ಪುಸ್ತಕದ ಚೀಲ ಎಲ್ಲ ತಂದು ಹುಣಸೆಮರದ ಕೆಳಗೆ ಇಟ್ಟಳು. ಅಲ್ಲಿಂದ ಅವಳಿಗೆ ತನ್ನ ಹನ್ನೊಂದನೇ ನಂಬರು ಚೆನ್ನಾಗಿ ಕಾಣುತ್ತದೆ. ಬಾಗಿಲಿನ ಬಣ್ಣ ಅವಳೇ ಬಳಿದದ್ದು.

ಅವತ್ತು ನನಗೆ ತಡೆಯಲಾಗಲಿಲ್ಲ. ನೇರ ಹೊಂಬಾಳಮ್ಮನ ಹತ್ತಿರ ಹೋಗಿ ಜಗಳಕ್ಕೇ ನಿಂತೆ. “ನಿಮ್ಮ ಸಹಿಯಿಂದ ಇವತ್ತು ಒಬ್ಬಳು ಬೀದಿಗೆ ಬಿದ್ದಳು, ಈಗ ಸಮಾಧಾನವಾಯಿತಾ?” ಅಂದೆ. ಆಕೆ ಸಗಣಿ ಕೈಯಲ್ಲೇ ನಿಂತು ನನ್ನ ಮುಖ ನೋಡಿದಳು.

“ಯಾವ ಸೈನವ್ವ?”

ಅರ್ಜಿ ತೋರಿಸಿದೆ. ಓದಲು ಬಾರದು, ತನ್ನ ಹೆಸರು ಮಾತ್ರ ಬರೆಯಲು ಬರುತ್ತದೆ. “ಕರೆಂಟ್ ಮೀಟ್ರಿಗೆ ಸೈನ್ ಆಕು ಅಂದ ಸಿವಣ್ಣ, ಆಕ್ದೆ. ಇದ್ರಲ್ಲಿ ಏನು ಬರ್ದದೆ, ಓದು” ಅಂದಳು. ಓದಿದೆ. ಎಲ್ಲವನ್ನೂ ಕೇಳಿಸಿಕೊಂಡು ಕೈ ತೊಳೆದುಕೊಂಡಳು.

“ಅಲ್ಲ ಕಣವ್ವ, ನನ್ ಮಗ್ಗುಲಲ್ಲಿ ಯಾರು ಮಲಿಕ್ಕಬೇಕು ಅಂತ ಸಿವಣ್ಣನ್ನ ಕೇಳ್ಬೇಕಾ ನಾನು? ಅತ್ತು ವರ್ಸ ದನದ ಕೊಟ್ಟಿಗೆಲಿ ಬಿದ್ದಿದ್ದೆ, ಬಾ ಒಳೀಕೆ ಅಂತ ಅವ್ನು ಒಂದಿನ ಅಂದ್ನಾ? ಆ ದಿನ ನೀನು ಮೊಕ ತಿರುಗಿಸ್ಕೊಂಡು ಓದೆಯಲ್ಲ, ನಾನು ಏನ್ ತಪ್ಪು ಮಾಡುದ್ನೋ ಅಂತ ಎಲ್ಡ್ ತಿಂಗ್ಳಿಂದ ಯೋಚ್ನೆ ಮಾಡ್ತಾ ಇವ್ನಿ.”

ಆಕೆಯ ಹೆಸರು ನೋಡಿದೆ, ಆಕೆಯ ಮನೆತನ ನೋಡಿದೆ, ಇವಳು ಹೀಗೇ ಅಂತ ತೀರ್ಮಾನ ಮಾಡಿಬಿಟ್ಟೆ. ಎರಡು ತಿಂಗಳಲ್ಲಿ ಒಂದು ಸಲವೂ ಹೋಗಿ ಕೇಳಲಿಲ್ಲ. ನೀವೂ ಕೇಳಲಿಲ್ಲ. ನಿಮ್ಮ ಅತ್ತಿಗೆಯ ಮಂಡಿಯ ಹಿಂದೆ ನೀವು ಬಚ್ಚಿಟ್ಟುಕೊಂಡಿರಿ, ಆಕೆಯ ಸಹಿಯ ಹಿಂದೆ ನಿಮ್ಮಣ್ಣ. ಆಕೆಗೆ ಮಂಡಿ ನೋವೂ ಇಲ್ಲ, ಕೇಳಿ ತಿಳಿದುಕೊಂಡೆ.

ಮಾರನೇ ದಿನ ನಿಯಮ ಮುರಿದೆ. ನನ್ನೊಬ್ಬಳ ಸಹಿಯ ಮೇಲೆ ಇಪ್ಪತ್ತನಾಲ್ಕು ಬೀಗದ ಕೈಯನ್ನೂ ಹಂಚಿದೆ. ಅರ್ಜಿಗೆ ತಿಳಿದೇ ಸಹಿ ಹಾಕಿದವರೂ ಈಸಿಕೊಂಡು ಸಾಮಾನು ಇಳಿಸಿದರು, ಮನೆ ಯಾರಿಗೆ ಬೇಡ? ಶಿವಣ್ಣನವರ ಹಟ ಉಳಿದದ್ದು ಒಂದೇ ಬಾಗಿಲಿಗೆ. ತಮ್ಮ ಮನೆತನದವಳ ಮಗ್ಗುಲಿನದಕ್ಕೆ. ಇಂದ್ರಮ್ಮ ಹುಣಸೆಮರದಿಂದ ಪಾತ್ರೆ ತರುವಷ್ಟರಲ್ಲಿ ಹನ್ನೊಂದರ ಚಿಲಕಕ್ಕೆ ತಮ್ಮದೊಂದು ದೊಡ್ಡ ಬೀಗ ಹಾಕಿಸಿದ್ದರು. ನೀವು ಬರೆದುಕೊಟ್ಟ ಹಾಳೆ ಇರುವ ತನಕ ಆ ಬೀಗ ತೆಗೆಯುವುದಿಲ್ಲವಂತೆ.

ಹೊಂಬಾಳಮ್ಮ ಬಂದು ಬೀಗ ನೋಡಿದಳು. ಇಂದ್ರಮ್ಮನ ಬಿಂದಿಗೆ ಎತ್ತಿಕೊಂಡು ಹೋಗಿ ಹನ್ನೆರಡರ ಒಳಗೆ ಇಟ್ಟಳು. ಈಗ ಮೂವರೂ ಅಲ್ಲೇ ಇದ್ದಾರೆ. ಒಂದು ಗೋಡೆ ಹಂಚಿಕೊಳ್ಳಬಾರದು ಅಂತ ಹಾಕಿದ ಬೀಗದಿಂದ ಒಲೆಯನ್ನೇ ಹಂಚಿಕೊಂಡಿದ್ದಾರೆ.

ಆ ಹಾಳೆ ನಿಮ್ಮದು. ಏನು ಮಾಡುತ್ತೀರಿ?

ವನಜಾ


ಬೀದರ್
11 ಏಪ್ರಿಲ್ 2025

ಪ್ರಿಯ ವನಜಾ,

ಓದಿ ಕಣ್ಣು ತುಂಬಿ ಬಂತು. ನಮ್ಮ ಹೊಂಬಾಳಮ್ಮ ಅತ್ತಿಗೆ ಎಂಥ ಹೆಂಗಸು! ನಾವು ಇಷ್ಟು ವರ್ಷ ಮಾತಿನಲ್ಲಿ ಹೇಳಿದ್ದನ್ನು ಆಕೆ ಒಂದು ಬಿಂದಿಗೆಯಲ್ಲಿ ಮಾಡಿ ತೋರಿಸಿದಳು. ಎಷ್ಟು ಸುಂದರ! ಬಿಟ್ಟರೆ ಕೆಲವು ವಿಷಯ ತಾವಾಗಿಯೇ ಸರಿಹೋಗುತ್ತವೆ ಅನ್ನುವುದು ಇದಕ್ಕೇ.

ಈಗ ಅವಸರ ಮಾಡಿ ಕೆಡಿಸುವುದು ಬೇಡ. ಇಬ್ಬರೂ ಹೊಂದಿಕೊಂಡಿದ್ದಾರೆ. ಅಣ್ಣನ ಸಿಟ್ಟು ಇಳಿಯುವವರೆಗೆ ಹೀಗೇ ಇರಲಿ. ಇಬ್ಬರದೂ ಒಂದು ಫೋಟೋ ತೆಗೆಸಿಡು, ಒಲೆ ಮುಂದೆ ಕೂತಿರುವ ಹಾಗೆ. ವಾರ್ಷಿಕ ವರದಿಯ ಮುಖಪುಟಕ್ಕೆ ಹಾಕೋಣ.

ಜಯಪ್ರಕಾಶ್


ಮಳವಳ್ಳಿ
16 ಏಪ್ರಿಲ್ 2025

ಸುಂದರವೇ?

ಹನ್ನೆರಡನೇ ನಂಬರಿನಲ್ಲಿ ಇರುವುದು ಒಂದು ರೂಮು, ಒಂದು ಅಡುಗೆ ಮೂಲೆ. ಪ್ಲಾನು ನಿಮ್ಮದು, ಅಳತೆ ನಿಮಗೆ ಗೊತ್ತು. ಒಂಬತ್ತನೇ ಕ್ಲಾಸು ಮುಗಿಸಿದ ಹುಡುಗಿ ಬಟ್ಟೆ ಬದಲಾಯಿಸಬೇಕಾದರೆ ಇಬ್ಬರು ಹೆಂಗಸರು ಹೊರಗೆ ನಿಲ್ಲಬೇಕು. ಗಾರ್ಮೆಂಟ್ಸಿನ ಬಸ್ಸಿಗೆ ಇಂದ್ರಮ್ಮ ಐದೂವರೆಗೆ ಎದ್ದರೆ ಹೊಂಬಾಳಮ್ಮನಿಗೂ ಅಲ್ಲಿಗೇ ನಿದ್ದೆ ಮುಗಿಯಿತು. ಮೊನ್ನೆ ಇಬ್ಬರೂ ಸಾರಿಗೆ ಖಾರ ಜಾಸ್ತಿಯಾಯಿತು ಅಂತ ಜಗಳ ಆಡಿದರು. ಆಡಲಿ. ಅವರೇನು ನಿಮ್ಮ ಮುಖಪುಟಕ್ಕೆ ಕೂತ ದೇವತೆಗಳಲ್ಲ. ಹೊಂಬಾಳಮ್ಮನನ್ನು ಮೈದುನರ ಮನೆಯವರು ಮಾತಾಡಿಸುವುದು ಬಿಟ್ಟಿದ್ದಾರೆ. ಡೈರಿಯಲ್ಲಿ ಆಕೆಯ ಹಾಲನ್ನು ಎಲ್ಲರದೂ ಆದ ಮೇಲೆ ಅಳೆಯುತ್ತಾರೆ. ಇದನ್ನೂ ಫೋಟೋ ತೆಗೆಸಲಾ?

ಇಂದ್ರಮ್ಮನಿಗೆ ಬೇಕಾಗಿದ್ದು ಹೊಂಬಾಳಮ್ಮನ ದಯೆ ಅಲ್ಲ. ಅವಳಿಗೆ ಬೇಕಾಗಿದ್ದು ಮನೆ. ಅರವತ್ತು ದಿನ ದುಡಿದು, ಚೀಟಿ ಎತ್ತಿ, ಬಾಗಿಲಿಗೆ ಬಣ್ಣ ಬಳಿದ ಮನೆ. ಅದಕ್ಕೆ ಬೀಗ ಬಿದ್ದಿದೆ. ಆ ಬೀಗ ಬಿದ್ದಿರುವುದು ನಿಮ್ಮ ಸಹಿಯ ಬಲದಿಂದ. ಇಬ್ಬರು ಬಡ ಹೆಂಗಸರು ತಮ್ಮ ಮೈ ಹಿಂಡಿಕೊಂಡು ಜಾಗ ಮಾಡಿಕೊಂಡರೆ ನಿಮಗೆ ಸಮಸ್ಯೆ ಬಗೆಹರಿದ ಹಾಗೆ ಕಾಣುತ್ತದೆ. ನಿಮ್ಮ ಕಣ್ಣೀರಿಗೆ ನನಗೆ ಮೈಯೆಲ್ಲ ಉರಿಯುತ್ತಿದೆ.

ಅಣ್ಣನ ಮನಸ್ಸು ಮುರಿಯಬಾರದು ಅಂತ ಮೂರು ತಿಂಗಳು ಕಾದಿರಿ. ಇಂದ್ರಮ್ಮನ ಮನಸ್ಸು ಮುರಿಯುವ ವಸ್ತು ಅಂತ ನಿಮಗೆ ಯಾವತ್ತಾದರೂ ಅನ್ನಿಸಿತಾ?

ಮೇ ಹತ್ತಕ್ಕೆ ಸರ್ವಸದಸ್ಯರ ಸಭೆ ಕರೆದಿದ್ದೀನಿ. ಕಾರ್ಯದರ್ಶಿಯನ್ನು ತೆಗೆಯುವುದು ಮೊದಲನೇ ವಿಷಯ. ನೋಟೀಸು ಇದರ ಜೊತೆಗಿದೆ.

ವನಜಾ


ಬೀದರ್
26 ಏಪ್ರಿಲ್ 2025

ವನಜಾ,

ಇಪ್ಪತ್ತನಾಲ್ಕು ಹಕ್ಕುಪತ್ರಗಳಿಗೂ ಸಹಿ ಹಾಕಿದ್ದೀನಿ. ಅಣ್ಣನಿಗೆ ಬರೆದ ಕಾಗದದ ನಕಲು ಜೊತೆಗಿದೆ. 2022ರಲ್ಲಿ ಬರೆದುಕೊಟ್ಟದ್ದು ತಪ್ಪು, ಅದಕ್ಕೆ ಬೆಲೆಯಿಲ್ಲ, ಬೀಗ ತೆಗೆ ಅಂತ ಬರೆದಿದ್ದೀನಿ. ಅವನು ಫೋನ್ ಎತ್ತುತ್ತಿಲ್ಲ. ಇನ್ನು ಎತ್ತುವುದೂ ಇಲ್ಲವೇನೋ.

ಸಭೆಯವರೆಗೆ ಕಾಯಬೇಡ. ರಾಜೀನಾಮೆಯನ್ನೂ ಇಟ್ಟಿದ್ದೀನಿ.

ನಿನ್ನ ಕೊನೆಯ ಕಾಗದದಲ್ಲಿ ನನ್ನ ಹೆಸರೂ ಇರಲಿಲ್ಲ. ಅದನ್ನು ಎಷ್ಟು ಸಲ ಓದಿದೆನೋ. ಫೋಟೋ ತೆಗೆಸು ಅಂತ ಬರೆದ ಕೈ ನನ್ನದೇ ಅನ್ನುವುದನ್ನು ನಂಬಲು ನನಗೇ ಕಷ್ಟವಾಗುತ್ತಿದೆ. ಮೇ ಎರಡನೇ ವಾರ ರಜೆ ಹಾಕಿದ್ದೀನಿ. ಬರಲಾ? ನಿನ್ನ ಮನಸ್ಸಿನಲ್ಲಿ ನನಗೆ ಇನ್ನೂ ಜಾಗ ಇದೆಯಾ, ಅಷ್ಟು ಹೇಳು.

ಜಯಪ್ರಕಾಶ್


ಮಳವಳ್ಳಿ
4 ಮೇ 2025

ಜಯಪ್ರಕಾಶ,

ನಿನ್ನ ಕಾಗದ ಒಂದನೇ ತಾರೀಖು ತಲುಪಿತು. ಅಷ್ಟು ಹೊತ್ತಿಗೆ ಬೀಗ ಇರಲಿಲ್ಲ.

ಇಪ್ಪತ್ತೆಂಟನೇ ತಾರೀಖು ಸೋಮವಾರ ಬೆಳಿಗ್ಗೆ ಪೊಲೀಸಿಗೆ ದೂರು ಕೊಡೋಣ ಅಂತ ಬರೆದುಕೊಂಡು ಹುಣಸೆಕೊಪ್ಪಲಿಗೆ ಹೋದೆ. ಇಂದ್ರಮ್ಮ ಕೆಲಸಕ್ಕೆ ಹೋಗಿರಲಿಲ್ಲ. ದೂರು ಓದಿ ಮಡಿಸಿ ನನ್ನ ಕೈಗೇ ಕೊಟ್ಟಳು. “ಕೊಡಿ ಅಕ್ಕ, ಬ್ಯಾಡ ಅನ್ನಕಿಲ್ಲ. ಅವ್ರು ಬರೋಗಂಟ ನಾನು ಆಚ್ಗೆ ನಿಂತ್ಕಬೇಕಾ? ಈ ಮನೆ ನಂದು ಅಂತ ನೀವೇ ತಾನೆ ಯೋಳಿದ್ದು?” ಅಂದಳು. ಸೀದಾ ಮರಿಸಿದ್ದಯ್ಯನ ಮನೆಗೆ ಹೋಗಿ ಕಬ್ಬಿಣದ ಹಾರೆ ತಂದಳು.

ಯಾರು ಹೇಳಿ ಕಳಿಸಿದರೋ, ಶಿವಣ್ಣನವರು ಬೈಕಿನಲ್ಲಿ ಬಂದರು. ಅಷ್ಟರಲ್ಲಿ ಎರಡೂ ಸಾಲಿನ ಹೆಂಗಸರು ಹೊರಗೆ ಬಂದು ನಿಂತಿದ್ದರು. “ಯಾರ್ನ ಕೇಳ್ಬುಟ್ಟು ಒಡೀತಾ ಇದ್ದೀಯಮ್ಮಿ?” ಅಂತ ಕೂಗಿದರು. ಇಂದ್ರಮ್ಮ ತಿರುಗಿ ನೋಡಲಿಲ್ಲ. ಉತ್ತರ ಕೊಟ್ಟವಳು ಹೊಂಬಾಳಮ್ಮ.

“ಕಟ್ಟೋವಾಗ ನಿನ್ನ ಕೇಳ್ಬುಟ್ಟು ಗಾರೆ ಒತ್ತಿದ್ವಾ? ಗಾರೆ ಒತ್ತೋಳು ನಾನು, ಅವ್ಳು. ನೀನು ಒಂದ್ ಬಾಣಲಿ ಎತ್ತಿದ್ಯಾ? ಓಗು, ಬಿಸ್ಲು ಏರ್ತಾ ಅದೆ.”

ಮೂರನೇ ಏಟಿಗೆ ಬೀಗ ಬಿತ್ತು. ಚಿಲಕವೂ ಕಿತ್ತು ಬಂತು, ಮರಿಸಿದ್ದಯ್ಯ ಮಧ್ಯಾಹ್ನವೇ ಹೊಸದು ಹಾಕಿಕೊಟ್ಟ. ಶಿವಣ್ಣನವರು ಬೈಕು ತಿರುಗಿಸಿಕೊಂಡು ಹೋದರು. ನಾಳೆ ಇನ್ನೇನು ಮಾಡುತ್ತಾರೋ ಗೊತ್ತಿಲ್ಲ. ಮಾಡಿದರೆ ಆ ಹೊತ್ತಿಗೆ ನೋಡಿಕೊಳ್ಳುತ್ತೇವೆ. ದೂರು ಕೊಟ್ಟಿದ್ದೀನಿ. ರಾಜೀನಾಮೆಯನ್ನು ಸಭೆಯಲ್ಲಿ ಓದುತ್ತೀನಿ, ನಾನೊಬ್ಬಳೇ ತೀರ್ಮಾನ ಮಾಡುವ ವಿಷಯ ಅದಲ್ಲ.

ನನ್ನ ಮನಸ್ಸಿನಲ್ಲಿ ಜಾಗ ಇದೆಯಾ ಅಂತ ಕೇಳಿದ್ದೀಯ. ನನಗೆ ಇನ್ನೂ ಸಿಟ್ಟಿದೆ. ನಿನ್ನ ಸಹಿ ಬಂತು ಅಂತ ಅದು ಇಳಿಯಲಿಲ್ಲ. ಬೀಗ ಹೋದ ಮೇಲೆ ಬಂದ ಸಹಿ ಅದು. ಅಣ್ಣನನ್ನು ಎದುರು ಹಾಕಿಕೊಳ್ಳುವುದು ನಿನಗೆ ಸುಲಭದ ಕೆಲಸವಾಗಿರಲಿಲ್ಲ ಅನ್ನುವುದು ಗೊತ್ತು. ಅದಕ್ಕೇ ಇಷ್ಟಾದರೂ ಬರೆಯುತ್ತಿದ್ದೀನಿ.

ನಿನ್ನೆ ಹಕ್ಕುಪತ್ರ ಹಂಚಿದೆ. ಇಂದ್ರಮ್ಮ ತನ್ನದನ್ನು ಶೋಭಿತಾಳ ಕೈಯಲ್ಲಿ ಗಟ್ಟಿಯಾಗಿ ಪೂರ್ತಿ ಓದಿಸಿದಳು. ಕೊನೆಗೆ ನಿನ್ನ ಸಹಿಯ ಮೇಲೆ ಬೆರಳಿಟ್ಟು ಕೇಳಿದಳು.

“ಅಕ್ಕ, ಇದು ನಿಮ್ದು. ಈ ಇನ್ನೊಂದು ಯಾರ್ದು?”

ನಮ್ಮ ಕಾರ್ಯದರ್ಶಿಗಳದು, ಈ ಮನೆಗಳ ಪ್ಲಾನು ಬರೆದವರು ಅಂದೆ.

“ಓ, ಅವ್ರಾ? ಮತ್ತೆ ಇಷ್ಟು ದಿನ ಎಲ್ಲಿದ್ರು?”

ನಿನ್ನ ಪರವಾಗಿ ಇಷ್ಟು ವರ್ಷ ಎಲ್ಲರಿಗೂ ಉತ್ತರ ಹೇಳಿಕೊಂಡು ಬಂದಿದ್ದೀನಿ. ಈ ಸಲ ಹೇಳಲಿಲ್ಲ. ಹನ್ನೊಂದನೇ ನಂಬರು, ರಸ್ತೆ ಕಡೆಯ ಸಾಲು. ಬಂದು ನೀನೇ ಹೇಳು.

ವನಜಾ